ಗಾಡಿಯೊಳಗಿನ ಹಂಸಗಳು

ಗಂಡ ಅಂಟಿಸಿದ್ದನ್ನು ಹೆಂಡತಿ ಕೀಳಬೇಕು ಎಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ಸತ್ಯಭಾಮಾಗೆ ಗೊತ್ತಿರಲಿಲ್ಲ, ಆದರೆ ಶನಿವಾರ ಬೆಳಗಿನಿಂದ ಅವಳು ಮಾಡುತ್ತಿದ್ದುದು ಅದನ್ನೇ. ಅಂಗಳದ ಮೂಲೆಯ ಹಳೆಯ ಟ್ರೇಲರು ಗಾಡಿಯೊಳಗೆ ಮಂಚದ ಮೇಲೆ ನಿಂತಿದ್ದಳು. ಒಂದು ಕೈಯಲ್ಲಿ ಬಿಸಿನೀರಿಗೆ ಅದ್ದಿದ ಬಟ್ಟೆ, ಇನ್ನೊಂದರಲ್ಲಿ ಅವಧಿ ಮುಗಿದ ಎಟಿಎಂ ಕಾರ್ಡು. ಚಾವಣಿಯ ಕೆಳಗೆ ನಾಲ್ಕೂ ಗೋಡೆಗೆ ಸುತ್ತಿಕೊಂಡ ವಾಲ್‌ಪೇಪರ್ ಬಾರ್ಡರು, ರೇಷ್ಮೆ ಸೀರೆಯ ಅಂಚಿನಷ್ಟು ಅಗಲದ್ದು. ಅದನ್ನು ನೆನೆಸಬೇಕು, ತಡೆಯಬೇಕು, ಕಾರ್ಡಿನ ತುದಿಯಿಂದ ಮೆಲ್ಲಗೆ ಎಬ್ಬಿಸಬೇಕು. ನೀಲಿ ನೀರಿನ ಮೇಲೆ ಬಿಳಿ ಹಂಸಗಳ ಸಾಲು. ಕಾಗದ ಬರುತ್ತಿತ್ತು, ಅಂಟು ಬರುತ್ತಿರಲಿಲ್ಲ. ಕಂದುಬಣ್ಣದ ಜಿಗುಟು ಪಟ್ಟಿಯೊಂದು ಗೋಡೆಯ ಮೇಲೇ ಉಳಿದು, ಮುಟ್ಟಿದ ಬೆರಳನ್ನು ಹಿಡಿದುಕೊಳ್ಳುತ್ತಿತ್ತು. ಬಾಗಿಲ ಮೇಲಿನ ತುಂಡನ್ನು ಗಂಡ ಜನಾರ್ದನ ಆಗಿನ ಅವಸರದಲ್ಲಿ ತಲೆಕೆಳಗಾಗಿ ಅಂಟಿಸಿದ್ದ. ಅಲ್ಲಿ ನೀರು ಮೇಲೆ, ಹಂಸಗಳು ಕೆಳಗೆ. ಅವಳು ತೋರಿಸಿದಾಗ, "ಯಾರು ನೋಡ್ತಾರ ಬಿಡು" ಅಂದಿದ್ದ. ನೋಡುವವಳು ಒಬ್ಬಳಿದ್ದಳು. ಹನ್ನೊಂದು ವರ್ಷ, ತಿಂಗಳಿಗೆ ಮೂರು ದಿನ, ಮಂಚದ ಮೇಲೆ ಅಂಗಾತ ಮಲಗಿ ಅವಳು ಅದನ್ನೇ ನೋಡಿದ್ದಳು.

"ಜೋರಾಗಿ ಜಗ್ಗಬ್ಯಾಡ ನೋಡು," ಎಂದು ಜನಾರ್ದನ ಮುಂಜಾನೆಯೇ ಬಂದು ಹೇಳಿದ್ದ. "ಒಳಗ ತೆಳ್ಳನ ಪ್ಲೈವುಡ್ ಅದ, ಅದರ ಮ್ಯಾಲೆ ಬಣ್ಣದ ಕಾಗದ. ಜಗ್ಗಿದಿ ಅಂದ್ರ ಗ್ವಾಡೀನ ಕಿತ್ತು ಬರ್ತದ. ನೆನಸು, ಸ್ವಲ್ಪ ತಡಿ, ಆಮ್ಯಾಲೆ ಎಬ್ಬಿಸು. ಎಲ್ಲಾ ಯೂಟ್ಯೂಬಿನಾಗ ನೋಡೀನಿ." ನೋಡುವ ಕೆಲಸ ಅವನದು, ಮಾಡುವ ಕೆಲಸ ಇವಳದು, ಇಪ್ಪತ್ತು ವರ್ಷದ ಸಂಸಾರದಲ್ಲಿ ಈ ಹಂಚಿಕೆ ಒಮ್ಮೆಯೂ ಏರುಪೇರಾಗಿಲ್ಲ. ಹೊಸ ಬಾರ್ಡರು ಪಾರ್ಸಲ್ಲಿನಲ್ಲಿ ಬಂದು ಪಡಸಾಲೆಯಲ್ಲಿ ಕೂತಿತ್ತು. ಅದರಲ್ಲಿ ಚಿಟ್ಟೆಗಳು, ಗುಲಾಬಿ ಮತ್ತು ನೇರಳೆ, ಮಗಳು ಶ್ರೀವಿದ್ಯಾಗೆ ಇಷ್ಟವಾದ ಬಣ್ಣ. ಹದಿಮೂರರ ಹುಡುಗಿ. ಬೇಸಿಗೆ ರಜೆಗೆ ಪುಣೆಯ ಚಿಕ್ಕಮ್ಮ ಹರ್ಷದಾಳ ಮನೆಗೆ ಹೋದವಳು ಅಲ್ಲೇ ದೊಡ್ಡವಳಾದಳು. ಹರ್ಷದಾ ಅವಳನ್ನು ಎಲ್ಲಿಯೂ ದೂರ ಕೂಡಿಸದೆ, ತನ್ನ ಹಾಸಿಗೆಯಲ್ಲೇ ಮಲಗಿಸಿಕೊಂಡು, ಐಸ್‌ಕ್ರೀಮು ಕೊಡಿಸಿ ಮುಗಿಸಿದ್ದಳು. ಮಲ್ಕಾಜ್‌ಗಿರಿಯ ಮನೆಗೆ ಬಂದಮೇಲೆ ಅಜ್ಜಿ ಕಮಲಾಕ್ಷಿಬಾಯಿ ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಮಾಡಿ ಮೊಮ್ಮಗಳ ಬಾಯಿಗಿಟ್ಟರು, ಆರತಿ ಎತ್ತಿದರು, ಆಮೇಲೆ ಸೊಸೆಯ ಕಡೆ ತಿರುಗಿ, "ಮುಂದಿನ ಸಲದಿಂದ ನಮ್ಮ ಮನಿ ಪದ್ಧತಿ. ಪಾಪ ಕೂಸು, ಆ ಹಳೀ ಗಾಡಿಯೊಳಗ ಬ್ಯಾಸರಾ ಆಗಬಾರದು. ಸ್ವಲ್ಪ ಚಂದ ಮಾಡಿ ಇಡ್ರಿ" ಅಂದರು. ಬೈದು ಹೇಳಿದ್ದರೆ ಸತ್ಯಭಾಮಾ ಏನಾದರೂ ತಿರುಗಿ ಅನ್ನುತ್ತಿದ್ದಳೋ ಏನೋ. ಆ ಮಾತಿನಲ್ಲಿ ಕರುಣೆಯಿತ್ತು, ಅದಕ್ಕೇ ಹೂಂ ಅಂದುಬಿಟ್ಟಳು. ಆ ಹೂಂ ಈಗ ಎರಡು ವಾರದಿಂದ ಅವಳ ಗಂಟಲಲ್ಲಿ ಮೀನಿನ ಮುಳ್ಳಾಗಿತ್ತು, ಮೀನು ತಿನ್ನದ ಮನೆಯವಳಾದರೂ ಹೀಗೇ ಇರಬೇಕು ಮುಳ್ಳು ಎಂದು ಅವಳಿಗೆ ಅನಿಸುತ್ತಿತ್ತು.

ಮಗಳನ್ನು ಇಲ್ಲಿ ಕೂಡಿಸಬಾರದು. ಇಷ್ಟೇ. ಇದನ್ನು ಹೇಳಲು ನಾಲ್ಕು ಮಾತು ಸಾಕು, ಆ ನಾಲ್ಕು ಮಾತು ಹೇಳುವ ಬದಲು ತಾನು ಮಗಳಿಗಾಗಿಯೇ ಗೋಡೆ ತಿಕ್ಕುತ್ತ ನಿಂತಿದ್ದೇನೆ. ಅವಳು ಕಾರ್ಡನ್ನು ಸಿಟ್ಟಿನಿಂದ ಒತ್ತಿದಳು. ಕಾಗದದ ಜೊತೆ ಗೋಡೆಯ ಮೇಲ್ಪದರವೂ ಉಗುರಿನಷ್ಟು ಎದ್ದು ಬಂತು, ಒಳಗಿನ ಕಟ್ಟಿಗೆ ಕಂಡಿತು. ಇದು ಸಿನಿಮಾದವರ ಗಾಡಿ. ಸಣ್ಣಪುಟ್ಟ ವೇಷದ ಹೆಣ್ಣುಮಕ್ಕಳ ಮೇಕಪ್ಪಿಗೆ ಇಟ್ಟುಕೊಂಡಿದ್ದರಂತೆ, ಜೀಪಿನ ಹಿಂದೆ ಕಟ್ಟಿ ಎಳೆಯುವ ಟ್ರೇಲರು, ಒಳಗೊಂದು ಮಂಚ, ಒಂದು ಮೋರಿ, ಸುತ್ತ ಬಲ್ಬುಗಳಿರುವ ದೊಡ್ಡ ಕನ್ನಡಿ. ಹಳತಾಯಿತೆಂದು ಅವರು ಮಾರಲು ನಿಲ್ಲಿಸಿದ್ದಾಗ ರೈಲ್ವೆ ಅಕೌಂಟ್ಸಿನ ಜನಾರ್ದನನ ಕಣ್ಣಿಗೆ ಬಿತ್ತು. ಅವನಿಗೆ ಹೊಳೆದದ್ದು ಲೋಕದಲ್ಲಿ ಇನ್ಯಾರಿಗೂ ಹೊಳೆಯಲಾರದ್ದು. ರಾಯಚೂರಿನ ಆಚಾರದ ಮನೆಯಿಂದ ಬಂದ ತಾಯಿ ಹೊರಗಿನ ನೀರು ಮುಟ್ಟುವುದಿಲ್ಲ, ಹೋಟೆಲಿನ ನೆರಳಿಗೂ ಹೋಗುವುದಿಲ್ಲ. ಹಾಗಾದರೆ ಮಡಿ ಅಡಿಗೆಮನೆಗೇ ಗಾಲಿ ಹಚ್ಚಿ ಕರಕೊಂಡು ಹೋದರಾಯಿತಲ್ಲ? ಮಂತ್ರಾಲಯ, ಉಡುಪಿ, ಪಂಢರಪುರ, ಬೇಕಾದರೆ ಕಾಶಿ. ಗೋಮೂತ್ರ ಚಿಮುಕಿಸಿ, ಸಾರಿಸಿ, ಒಲೆ ಇಟ್ಟು, ದೇವರ ಪೆಟ್ಟಿಗೆ ಇಟ್ಟು, ಕನ್ನಡಿಗೆ ಕುಂಕುಮ ಹಚ್ಚಿ ಪೂಜೆ ಮಾಡಿದ ದಿನ ಅತ್ತೆ ಮಗನ ನೆತ್ತಿ ಸವರಿ ಅತ್ತಿದ್ದರು. ಅವರು ಖುಷಿಯಿಂದ ಅತ್ತದ್ದನ್ನು ಸತ್ಯಭಾಮಾ ನೋಡಿದ್ದು ಅದೊಂದೇ ಸಲ.

"ಅಮ್ಮಾರ, ಏನ್ ಮಾಡಾಕತ್ತೀರಿ ಒಳಗ?" ಕಸಬರಿಗೆ ಹಿಡಿದ ಬಂಡೆಮ್ಮ ಬಾಗಿಲಲ್ಲಿ ತಲೆ ಹಾಕಿದಳು. ತಾಂಡೂರಿನ ಕಡೆಯವಳು, ಮೂರು ಮನೆಯ ಪಾತ್ರೆ ತಿಕ್ಕಿ ಹೋಗುವವಳು.

"ಬಾರ್ಡರ್ ಕೀಳ್ಲಿಕತ್ತೀನಿ. ಹೊಸದು ಹಚ್ಚಬೇಕಂತ, ವಿದ್ಯಾಗ."

"ಪಾಪಗಾ? ಈ ಡಬ್ಬಿಯೊಳಗಾ?" ಬಂಡೆಮ್ಮ ಸುತ್ತಲೂ ನೋಡಿದಳು, ಕನ್ನಡಿ, ಮಂಚ, ಮೇಲಿನ ಫ್ಯಾನು. "ನಿಮ್ದು ಚಲೋ ಐತಿ ಬಿಡ್ರಿ. ನಮ್ದು ಒಂದ ಕೋಲಿ. ಹೊರಗ ಕುಂದ್ರಬೇಕಂದ್ರ ರೋಡಿನ್ಯಾಗ ಕುಂದ್ರಬೇಕು, ಲಾರಿ ಬರ್ತಾವು." ನಕ್ಕಳು. ಸತ್ಯಭಾಮಾಗೂ ನಗು ಬಂತು. ನಗುತ್ತಿದ್ದ ಹಾಗೆಯೇ ಬಂಡೆಮ್ಮ, "ಅದಕ ನಾ ಕುಂದ್ರಂಗೇ ಇಲ್ರಿ, ಆ ದಿನಾನೂ ನಿಮ್ಮ ಪಾತ್ರಿ ನಾನ ತಿಕ್ಕೀನಿ, ನಿಮ್ಮ ಅತ್ತಿಯಾರು ಕೇಳಿಲ್ಲ, ನಾ ಹೇಳಿಲ್ಲ" ಎಂದು ಕಸಬರಿಗೆ ಜಾಡಿಸಿ ಹೊರಟುಹೋದಳು. ಸತ್ಯಭಾಮಾ ಬಟ್ಟೆ ಹಿಡಿದುಕೊಂಡು ನಿಂತೇ ಇದ್ದಳು. ಇಷ್ಟು ವರ್ಷ ಈ ಮನೆಯ ಮಡಿ ಬಂಡೆಮ್ಮನ ಬಾಯಿಯ ಮೇಲೆ ನಿಂತಿತ್ತು. ನಗಬೇಕೋ ಅಳಬೇಕೋ ತಿಳಿಯದೆ ಅವಳು ಬಟ್ಟೆಯನ್ನು ಮತ್ತೆ ಬಿಸಿನೀರಿಗೆ ಅದ್ದಿದಳು.

ನೀರಿನ ಹಬೆ ಮುಖಕ್ಕೆ ಹೊಡೆಯಿತು. ಅಂದು ಜಡ್ಚರ್ಲಾದ ಹತ್ತಿರವೂ ಹೀಗೇ ಬಿಸಿ, ಹೆದ್ದಾರಿಯ ಡಾಂಬರಿನಿಂದ ಏಳುತ್ತಿದ್ದ ಬಿಸಿ. ಮೊದಲ ಯಾತ್ರೆ, ಮಂತ್ರಾಲಯಕ್ಕೆ. ಗಾಡಿಯೊಳಗೆ ಅವಳು, ಅತ್ತೆ, ತೊಡೆಯ ಮೇಲೆ ಇನ್ನೂ ಹಾಲು ಬಿಡದ ವಿದ್ಯಾ. ಎದುರಿಗೆ ಒಲೆ, ಮಡಿನೀರಿನ ಕೊಡ, ದೇವರ ಪೆಟ್ಟಿಗೆ. ಮುಟ್ಟು ಮುಂದೆ ಹಾಕುವ ಗುಳಿಗೆಯನ್ನು ಅವಳು ಹತ್ತು ದಿನ ಮುಂಚಿನಿಂದ ತಪ್ಪದೆ ನುಂಗಿದ್ದಳು, ಪ್ರತಿ ಹಬ್ಬಕ್ಕೂ ನುಂಗುತ್ತಿದ್ದ ಹಾಗೆ. ಆದರೂ ಕಿಬ್ಬೊಟ್ಟೆ ಹಿಂಡಿತು. ಸುಮ್ಮನಿದ್ದುಬಿಡಬಹುದಿತ್ತು. ಯಾರಿಗೆ ತಿಳಿಯುತ್ತಿತ್ತು? ಆಗ ಅವಳಿಗೆ ಆ ಯೋಚನೆಯೇ ಬರಲಿಲ್ಲ, ಬಾಯಿ ತಾನೇ ತೆರೆದು, "ಅತ್ತೀ, ನಾ ಹೊರಗಾದೆ" ಅಂದಿತು. ಕಮಲಾಕ್ಷಿಬಾಯಿ ಗಾಡಿ ನಿಲ್ಲಿಸಿ ಎಂದು ಗೋಡೆ ಬಡಿದರು. ದೇವರ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಿಸಿಲಿಗಿಳಿದು ರಸ್ತೆಯ ಅಂಚಿನಲ್ಲಿ ನಿಂತರು. ಜೀಪಿನ ಡ್ರೈವರು ಇಳಿದು ಬಂದು, "ಏಮೈಂದಮ್ಮಾ?" ಏನಾಯಿತೆಂದು ಲಾರಿಗಳ ಸದ್ದಿನ ಮೇಲೆ ಕೂಗಿ ಕೇಳಿದ. ಜನಾರ್ದನ ಅವನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದೊಯ್ದು, "ಲೇಡೀಸ್ ಪ್ರಾಬ್ಲಮ್ ಭಾಯಿ" ಅಂದ. ಮೆಲ್ಲಗೆ ಹೇಳಿದೆನೆಂದು ತಿಳಿದಿದ್ದ. ಅವಳಿಗೆ ಕೇಳಿಸಿತ್ತು, ಚಹಾ ಕುಡಿಯುತ್ತಿದ್ದ ಢಾಬಾದವರಿಗೂ ಕೇಳಿಸಿತ್ತು. ಡ್ರೈವರು ಅವಳನ್ನು ಒಮ್ಮೆ ನೋಡಿ ನೆಲ ನೋಡಿದ. ಕೊಡದ ನೀರನ್ನು ರಸ್ತೆಗೆ ಚೆಲ್ಲಿದರು. ಅಲ್ಲಿಂದಲೇ ತಿರುಗಿಸಿದರು. ಅತ್ತೆ ಮತ್ತು ಕೂಸು ಜೀಪಿನ ಮುಂದೆ, ಅವಳೊಬ್ಬಳು ಹಿಂದೆ ಗಾಡಿಯಲ್ಲಿ. ಕೂಸು ಅಳುವುದು ಕೇಳುತ್ತಿತ್ತು. ಎದೆ ತುಂಬಿ ರವಿಕೆ ಒದ್ದೆಯಾಗಿ, ಶಂಶಾಬಾದಿನ ಹತ್ತಿರ ಅಳು ನಿಂತಾಗ, ಅದು ನಿಂತಿತಲ್ಲ ಎಂದು ಅವಳು ಬಿಕ್ಕಿ ಬಿಕ್ಕಿ ಅತ್ತಿದ್ದಳು. "ಗುಳಿಗಿ ಮರೆತಿರಬೇಕು," ಎಂದು ಮನೆಯಲ್ಲಿ ಮಾತಾಯಿತು. ಮರೆತಿಲ್ಲ ಎಂದು ಅವಳು ಹೇಳಿದ್ದನ್ನು ಯಾರೂ ನಂಬಲಿಲ್ಲ, ಇಂದಿಗೂ ನಂಬಿಲ್ಲ.

ಮೈಲಿಗೆಯಾದ ಗಾಡಿ ಇನ್ನು ಯಾತ್ರೆಗೆ ಬರುವುದಿಲ್ಲ. ಮಾರಲು ಜನಾರ್ದನನಿಗೆ ಮನಸ್ಸಿಲ್ಲ. ಹಾಗಾಗಿ ಅದು ಅಂಗಳದ ಮೂಲೆಯಲ್ಲಿ ಇಟ್ಟಿಗೆಗಳ ಮೇಲೆ ಕೂತು ಹೊರಗಿನ ಕೋಣೆಯಾಯಿತು. ಅದಕ್ಕೂ ಮುಂಚೆ ಅವಳು ಕೂಡುತ್ತಿದ್ದುದು ಮೆಟ್ಟಿಲ ಕೆಳಗೆ, ವಾಷಿಂಗ್ ಮಶೀನಿನ ಪಕ್ಕ, ಕಾಲು ಚಾಚಲು ಜಾಗವಿಲ್ಲದಲ್ಲಿ. ಇಲ್ಲಿ ಮಂಚವಿತ್ತು, ಫ್ಯಾನಿತ್ತು. ಗಂಡ ಯಾವುದೋ ಪಾಪ ತೊಳೆಯುವವನಂತೆ ಬೇಗಂ ಬಜಾರಿಗೆ ಹೋಗಿ ಹಂಸಗಳನ್ನು ತಂದು, ರವಿವಾರವಿಡೀ ಕೂತು ಅಂಟಿಸಿ, ಬಿಟ್ಟುಕೊಂಡಲ್ಲಿ ಫೆವಿಕಾಲ್ ಸುರಿದು, "ಹೆಂಗದ? ಹೋಟೆಲ್ ರೂಮ್ ಇದ್ದಂಗ ಆತಿಲ್ಲೋ?" ಅಂದಿದ್ದ. ಅವಳು ಚಂದ ಅದ ರೀ ಅಂದಿದ್ದಳು. ಚಂದವೇ ಅನಿಸಿತ್ತು. ಅದೇ ಈಗ ಅವಳನ್ನು ಚುಚ್ಚುವುದು. ಮೂರು ದಿನ ಯಾರೂ ಸತ್ಯಾ ಎಂದು ಕರೆಯುತ್ತಿರಲಿಲ್ಲ. ಸತ್ಯಾ ಕಾಫಿ, ಸತ್ಯಾ ಟವೆಲ್ಲು, ಸತ್ಯಾ ನನ್ನ ಕನ್ನಡಕ ಎಲ್ಲದ, ಒಂದೂ ಇಲ್ಲ. ಊಟದ ತಾಟು ಬಾಗಿಲಿಗೆ ಬರುತ್ತಿತ್ತು, ಮಲ್ಕಾಜ್‌ಗಿರಿ ಸ್ಟೇಷನ್ನಿನಲ್ಲಿ ರೈಲು ಬಂದು ಹೋಗುವುದು ಕೇಳುತ್ತಿತ್ತು. ಅವಳು ಹೊದ್ದು ಮಲಗುತ್ತಿದ್ದಳು. ಅವಮಾನದೊಳಗೆ ಇಷ್ಟು ಸುಖ ಇಟ್ಟಿರುತ್ತಾರೆಂದು ಯಾರಾದರೂ ಮೊದಲೇ ಹೇಳಿದ್ದರೆ ಅವಳು ಎಚ್ಚರವಾಗಿರುತ್ತಿದ್ದಳು.

ಎಷ್ಟು ಸುಖ ಎಂದರೆ, ಹೋದ ದಸರೆಗೆ ಅವಳ ಮುಟ್ಟು ನಿಂತಿತು, ಹೊರಗೆ ಕೂಡುವುದನ್ನು ಅವಳು ನಿಲ್ಲಿಸಲಿಲ್ಲ. ಮೊದಲ ತಿಂಗಳು ತಡವಾಗಿದೆ ಎಂದುಕೊಂಡು, ಹೇಗೂ ಬರುತ್ತದೆ ಎಂದು ದಿನ ನೋಡಿ ಹೊರಗೆ ಬಂದಳು. ಎರಡನೆಯ ತಿಂಗಳು ಗೊತ್ತಿದ್ದೇ ಬಂದಳು. ಆಮೇಲೆ ಅದು ನೌಕರಿಯವರ ಸಿಎಲ್ ರಜೆಯ ಹಾಗಾಯಿತು. ಇದರಲ್ಲಿ ಯಾರದೇನು ಗಂಟು ಹೋಯಿತು ಎಂದು ಅವಳು ತನ್ನನ್ನೇ ಕೇಳಿಕೊಂಡು ಸಮಾಧಾನ ಮಾಡಿಕೊಂಡಿದ್ದಳು, ಹೋದ ತಿಂಗಳವರೆಗೆ. ಹೋದ ತಿಂಗಳು ಅವಳು ಇಲ್ಲಿ ಅಂಗಾತ ಮಲಗಿದ್ದಾಗ ಒಳಗೆ ಪಾತ್ರೆ ಬಿದ್ದ ಸದ್ದು, ಅತ್ತೆಯ ಚೀರು. ಎಂಬತ್ತರ ಹತ್ತಿರದ ಕೈ ನಡುಗಿ ಕುದಿಯುವ ಸಾರು ಮಣಿಕಟ್ಟಿನ ಮೇಲೆ ಹೋಗಿತ್ತು. ಓಡಿಹೋದ ಸತ್ಯಭಾಮಾ ಹಿತ್ತಲ ಬಾಗಿಲಲ್ಲಿ ನಿಂತುಬಿಟ್ಟಳು. ಅತ್ತೆ ಬೆಂದ ಕೈಯನ್ನೇ ಮುಂದೆ ಚಾಚಿ, "ಅಲ್ಲೇ ನಿಂದ್ರು, ಮುಟ್ಟಬ್ಯಾಡ" ಅಂದರು. ಮುಟ್ಟದೆ ನಿಂತಳು. ಮುಟ್ಟಬಹುದಾದವಳು, ಯಾವ ಮೈಲಿಗೆಯೂ ಇಲ್ಲದವಳು, ತನ್ನ ಸುಳ್ಳನ್ನು ಕಾಯುತ್ತ ನಿಂತು ಮುದುಕಿ ತಾನೇ ನಲ್ಲಿಯ ಕೆಳಗೆ ಕೈ ಹಿಡಿಯುವುದನ್ನು ನೋಡಿದಳು. ಆ ಹೊತ್ತಿನ ನಾಚಿಕೆ ನೆನಪಾದರೆ ಈಗಲೂ ಕಿವಿ ಕಾಯುತ್ತದೆ.

ಮತ್ತು ಈ ಮುಂಜಾನೆ. ಯೂನಿಫಾರ್ಮು ಹಾಕಿಕೊಂಡು, ಬಾಯಲ್ಲಿ ಅವಲಕ್ಕಿ ಇಟ್ಟುಕೊಂಡು ವಿದ್ಯಾ ಗಾಡಿಯ ಬಾಗಿಲಿಗೆ ಬಂದಿದ್ದಳು. "ಅಮ್ಮ, ಇಲ್ಲಿ ವೈಫೈ ಬರ್ತದಾ? ಬರಲಿಲ್ಲಂದ್ರ ಅಪ್ಪಗ ಹೇಳಿ ಇನ್ನೊಂದು ಡಬ್ಬಿ ಹಾಕಸು. ಮತ್ತ ಲೈಟಿನ ಸರ ಬೇಕು, ಕನ್ನಡಿಗೆ. ತೇಜಸ್ವಿನಿಗೆ ಹೇಳೀನಿ ನಾ, ನನಗ ಸ್ವಂತ ರೂಮ್ ಆಗ್ಲಿಕತ್ತದ ಅಂತ. ಹೊಟ್ಟಿಕಿಚ್ಚು ಪಟ್ಲು." ತೇಜಸ್ವಿನಿ ಎಂದರೆ ಅವಳ ಕ್ಲಾಸಿನ ಗೆಳತಿ.

"ಯಾವಾಗ ಇಲ್ಲಿ ಇರಬೇಕಾಗ್ತದ ಅಂತ ಹೇಳೀಯೇನ ಆಕಿಗೆ?"

ಹುಡುಗಿ ಭುಜ ಕುಣಿಸಿದಳು. "ಮೂರು ದಿನ ಏನಮ್ಮ. ನೀನೂ ಖುಷಿಯಿಂದ ಇರ್ತೀ ಅಲಾ? ನಾ ನೋಡೀನಿ. ಬರೂಮುಂದ ನಿನ್ನ ಮುಖ ಬ್ಯಾರೆನ ಇರ್ತದ."

ಆಟೋದವನು ಹಾರ್ನು ಹೊಡೆದ, ಅವಳು ಓಡಿದಳು. ಅತ್ತೆಯ ಪದ್ಧತಿಯ ಮಾತು ಮಗಳಿಗೆ ತಾಗಿಲ್ಲ, ಅಪ್ಪನ ಚಿಟ್ಟೆಗಳೂ ಅಷ್ಟಾಗಿ ಅಲ್ಲ. ಹುಡುಗಿಯನ್ನು ಇಲ್ಲಿಗೆ ಕರೆಯುತ್ತಿದ್ದುದು ಅಮ್ಮನ ಮುಖ. ಗೆಳತಿಗೆ ಸ್ವಂತ ರೂಮು ಎಂದು ಹೇಳಿದವಳಿಗೆ ಒಂದಲ್ಲ ಒಂದು ದಿನ ಯಾವುದೋ ಜಡ್ಚರ್ಲಾ ಇದ್ದೇ ಇರುತ್ತದೆ. ಆ ದಿನ ತನ್ನ ಮಗಳ ಬಾಯಿಯೂ ತಾನೇ ತೆರೆದುಕೊಂಡು ನಾ ಹೊರಗಾದೆ ಅನ್ನುತ್ತದೆ.

ಬಾರ್ಡರಿನ ಕಾಗದವೆಲ್ಲ ಊಟದ ಹೊತ್ತಿಗೆ ಕೆಳಗೆ ಬಂದಿತ್ತು. ತಲೆಕೆಳಗಾದ ತುಂಡನ್ನು ಅವಳು ಕಡೆಗೆ ಕಿತ್ತಳು. ಉಳಿದದ್ದು ಅಂಟು. ಬಿಸಿನೀರಿಗೆ ಅದು ಬಗ್ಗಲಿಲ್ಲ, ಸೋಪಿಗೆ ಕರಗಿದಂತೆ ಮಾಡಿ ಮತ್ತೆ ಬಿಗಿಯಿತು. ಕೈ ಸೋತು ಅವಳು ಕನ್ನಡಿಯ ಮುಂದೆ ಕೂತಳು. ಕನ್ನಡಿಯ ಅಂಚಿನ ತುಂಬ ಟಿಕಳಿಗಳು. ಹೊರಗೆ ಕೂತ ದಿನ ದೇವರ ಕುಂಕುಮ ಮುಟ್ಟುವಂತಿಲ್ಲ, ಅದಕ್ಕೆ ಅಂಟಿಸುವ ಟಿಕಳಿ. ನಾಲ್ಕನೆಯ ಮುಂಜಾನೆ ತಲೆ ಸ್ನಾನಕ್ಕೆ ಹೋಗುವಾಗ ಹಣೆಯಿಂದ ತೆಗೆದು ಕನ್ನಡಿಗೆ ಒತ್ತಿ ಹೋಗುವುದು, ಅವಳ ಅವ್ವನೂ ಹಾಗೆ, ಅಜ್ಜಿಯೂ ಹಾಗೆ, ಎಲ್ಲ ಹೆಣ್ಣುಮಕ್ಕಳೂ ಹಾಗೆ. ಕನ್ನಡಿ ತುಂಬಿ, ಚೌಕಟ್ಟು ತುಂಬಿ, ಗೋಡೆಗೂ ಹಬ್ಬಿದ್ದವು. ಹಳೆಯವು ಬಣ್ಣ ಬಿಟ್ಟು ಬರೀ ಅಂಟಿನ ಉಂಗುರವಾಗಿದ್ದವು. ಮೊದಮೊದಲಿನವು ರೂಪಾಯಿಯಷ್ಟು ದೊಡ್ಡವು, ಆಮೇಲಾಮೇಲೆ ಸಣ್ಣವು, ಕಡೆಯ ಸಾಲು ಸಾಸಿವೆ ಕಾಳಿನಷ್ಟು. ದಸರೆಯ ಈಚಿನವು ಯಾವುವು ಎಂದು ಹುಡುಕಿದಳು, ಗುರುತು ಹತ್ತಲಿಲ್ಲ. ಅವಳ ಪ್ರಾಯವೆಲ್ಲ ಈ ಗೋಡೆಯ ಮೇಲೆ ಅಂಟಿಕೊಂಡು ಕೂತಿತ್ತು, ಇದರ ಪಕ್ಕದಲ್ಲಿ ನಾಳೆಯೋ ನಾಡಿದ್ದೋ ಇನ್ನೊಂದು ಹೊಸ ಟಿಕಳಿ ಬರುತ್ತದೆ, ಹೊಳೆಯುವಂಥದ್ದು, ಗುಲಾಬಿ ಬಣ್ಣದ್ದು.

ಅವಳ ಕೈ ತಾನಾಗಿ ಗಾಡಿಯಲ್ಲೇ ಇರುವ ಕೊಬ್ಬರಿ ಎಣ್ಣೆಯ ಬಾಟಲಿಗೆ ಹೋಯಿತು. ಟಿಕಳಿಯ ಅಂಟು ತೆಗೆಯಲು ಎಣ್ಣೆ, ಹಲಸಿನ ಅಂಟಿಗೆ ಎಣ್ಣೆ, ಕೈಗಂಟಿದ ಏನಕ್ಕಾದರೂ ಎಣ್ಣೆ. ಇದಕ್ಕೆ ಯೂಟ್ಯೂಬ್ ಬೇಕಾಗಿಲ್ಲ. ಬೆರಳಿಗೆ ಹಚ್ಚಿ ತಿಕ್ಕಿದಳು. ಉಂಗುರಗಳು ಉಂಡೆಯಾಗಿ ಉದುರಿದವು. ಇಷ್ಟು ಸಲೀಸೇ ಎಂದು ಎದ್ದು, ಅಂಗೈಗೆ ಸುರಿದುಕೊಂಡು ಮೇಲಿನ ಪಟ್ಟಿಗೂ ಹಚ್ಚಿದಳು. ಬೆಳಗಿನಿಂದ ಹಟ ಹಿಡಿದ ಅಂಟು ಮೆತ್ತಗಾಗಿ, ಕಾರ್ಡಿನ ಮುಂದೆ ಸುರುಳಿ ಸುತ್ತಿಕೊಂಡು ಬಂತು. ಅರ್ಧ ಗೋಡೆ ಮುಗಿಸಿ ಹಿಂದೆ ಸರಿದು ನೋಡಿದಳು. ಗೋಡೆಯ ಕಾಗದ ಎಣ್ಣೆ ಕುಡಿದು ಅಗಲವಾಗಿ ಕಪ್ಪಾಗಿತ್ತು. ಅಯ್ಯೋ ದೇವರೇ, ಎಣ್ಣೆಯ ಮೇಲೆ ಹೊಸದು ಹೇಗೆ ಅಂಟುತ್ತದೆ? ಸೆರಗಿನಿಂದ ಒರೆಸಲು ಹೋದಳು, ಗಂಡ ಏನನ್ನುತ್ತಾನೋ, ಅತ್ತೆ ಏನನ್ನುತ್ತಾರೋ ಎಂದು ಹಳೆಯ ಭಯ ಎದ್ದು ಬಂತು. ಒರೆಸುತ್ತಿದ್ದ ಕೈ ಅಲ್ಲಿಯೇ ನಿಂತಿತು. ಅಂಟುವುದಿಲ್ಲ. ಹೌದಲ್ಲ, ಅಂಟುವುದಿಲ್ಲ! ಅವಳಿಗೆ ನಗು ಬಂತು, ಒಬ್ಬಳೇ ಗಟ್ಟಿಯಾಗಿ ನಕ್ಕಳು. ಬಾಟಲಿಯ ಮುಚ್ಚಳ ಎಸೆದು, ಮಂಚ ಹತ್ತಿ, ಕೂಸಿಗೆ ಎರೆಯುವಾಗ ತಲೆಗೆ ತಟ್ಟುವ ಹಾಗೆ ಅಂಗೈ ತುಂಬ ಎಣ್ಣೆ ತಟ್ಟುತ್ತ ನಾಲ್ಕೂ ಗೋಡೆ ಸುತ್ತಿದಳು. ಬಾಗಿಲ ಮೇಲೆ ಎರಡು ಸಲ ತಟ್ಟಿದಳು.

ಊಟ ಮಾಡಿ ಒಂದು ನಿದ್ದೆ ತೆಗೆದು ಜನಾರ್ದನ ಪಾರ್ಸಲ್ಲು, ಕತ್ತರಿ ಹಿಡಿದು ಬಂದ. "ಏನದು, ಎಣ್ಣಿ ವಾಸನಿ? ತಲಿಗೆ ಹಚಗೊಂಡೀಯೇನ?" ಚಿಟ್ಟೆಗಳ ಸುರುಳಿ ಬಿಚ್ಚಿ, ಹಿಂದಿನ ಕಾಗದ ಸುಲಿದು, ಕುರ್ಚಿ ಹತ್ತಿ ಗೋಡೆಗೆ ಒತ್ತಿದ. ನಿಂತಂತೆ ಕಂಡಿತು. ಇಳಿದು ಸೊಂಟದ ಮೇಲೆ ಕೈಯಿಟ್ಟು ನೋಡುವಷ್ಟರಲ್ಲಿ ಚಿಟ್ಟೆಗಳು ಒಂದು ತುದಿಯಿಂದ ಬಿಟ್ಟುಕೊಂಡು ಬಂದು ಅವನ ಹೆಗಲ ಮೇಲೆ ಮದುವೆಯ ಹಾರದ ಹಾಗೆ ಬಿದ್ದವು. ಇನ್ನೊಮ್ಮೆ ಒತ್ತಿದ, ಇನ್ನೊಮ್ಮೆ ಬಿದ್ದವು. ಬೆರಳು ಮೂಸಿ ನೋಡಿದ.

"ಎಣ್ಣಿ ಹಚ್ಚೀಯೇನ?"

"ಹೂಂ."

"ಯೂಟ್ಯೂಬಿನಾಗ ಎಣ್ಣಿ ಅಂತ ಹೇಳಿರಲಿಲ್ಲ."

"ಇಲ್ಲ, ಹೇಳಿರಲಿಕ್ಕಿಲ್ಲ."

"ಸೋಪಿನ ನೀರು ಹಾಕಿ ತಿಕ್ಕು ಇನ್ನೊಮ್ಮೆ. ನಾಳಿ ಹಚ್ಚೋಣ."

"ತಿಕ್ಕಂಗಿಲ್ಲ," ಎಂದಳು ಸತ್ಯಭಾಮಾ. ಹೇಳಿದ ಮೇಲೆ ತನ್ನ ದನಿ ತನಗೇ 'ಇದ್ಯಾರು' ಅನ್ನಿಸುವಂತಿತ್ತು. ಜನಾರ್ದನ ಹೆಗಲ ಮೇಲಿನ ಚಿಟ್ಟೆಗಳನ್ನು ತೆಗೆಯುವುದನ್ನು ಮರೆತು ಅವಳನ್ನು ನೋಡಿದ. ಅವನು ಕೆಟ್ಟವನಲ್ಲ. ಒಮ್ಮೆಯೂ ಅವಳ ಮೇಲೆ ಕೈ ಎತ್ತಿದವನಲ್ಲ. ಬೇಸರವಾಗದಿರಲೆಂದು ಬಾರ್ಡರು ತರುವವನು. ಬಾಗಿಲು ತೆಗೆಯಬೇಕೆಂದು ಹೊಳೆಯದವನು. ಅವನ ಮೇಲೆ ಅವಳಿಗೆ ಕನಿಕರ ಬಂತು, ಕನಿಕರದ ಹಿಂದೆಯೇ ಸಿಟ್ಟು ಬಂತು. ಅಷ್ಟರಲ್ಲಿ ಗೇಟಿನ ಸದ್ದಾಯಿತು.

ವಿದ್ಯಾ ಶಾಲೆಯ ಚೀಲವನ್ನು ಬೆನ್ನಿಗಲ್ಲದೆ ಹಿಂದೆ ಕೆಳಗೆ ಇಳಿಬಿಟ್ಟುಕೊಂಡು, ಗೋಡೆಗೆ ಅಂಟಿಕೊಂಡವಳ ಹಾಗೆ ನಡೆದು ಬರುತ್ತಿದ್ದಳು. ಮುಖ ಬಿಳಿಚಿತ್ತು. ಮುಂಜಾನೆಯ ವೈಫೈ, ಲೈಟಿನ ಸರ ಯಾವುದೂ ಆ ಮುಖದಲ್ಲಿರಲಿಲ್ಲ. "ಅಮ್ಮ," ಅಂದಳು, "ಆಟೋದಾಗ ಆತು. ಸೀಟಿಗೆ ಹತ್ತೇದ. ಹುಡುಗೂರು ನೋಡಿದ್ರು." ಚೀಲವನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಳು. "ನಕ್ಕರು."

ಮನೆಯ ಬಾಗಿಲಲ್ಲಿ ಕಮಲಾಕ್ಷಿಬಾಯಿ ಬಂದು ನಿಂತಿದ್ದರು. ಮೊಮ್ಮಗಳ ನಡಿಗೆ ನೋಡಿಯೇ ಅವರಿಗೆ ತಿಳಿಯಿತು. "ಅಲ್ಲೇ ನಿಂದ್ರು ಕೂಸೆ. ಹಂಗ ಗಾಡಿಯೊಳಗ ಹೋಗು, ನೀರು ಅಲ್ಲೇ ಕಾಯಿಸಿ ಕೊಡ್ತೀನಿ. ಸತ್ಯಾ, ನೀ ಆಕಿನ್ನ ಮುಟ್ಟಬ್ಯಾಡ, ರಾತ್ರಿ ಅಡಿಗಿ ಮಾಡಬೇಕು ನೀ."

ಹುಡುಗಿ ಗಾಡಿಯ ಕಡೆ ತಿರುಗಿದಳು. ತಿರುಗಿದ್ದನ್ನು ಸತ್ಯಭಾಮಾ ನೋಡಿದಳು: ಯಾರೂ ದೂಡಲಿಲ್ಲ, ಹೇಳಿದ ಕೂಡಲೆ ಕಾಲು ತಾನೇ ತಿರುಗಿತು. ಅವಳು ಗಾಡಿಯ ಮೆಟ್ಟಿಲಿಳಿದು ಹೋಗಿ ಮಗಳನ್ನು ಎಣ್ಣೆಯ ಕೈಯಿಂದಲೇ ಎರಡೂ ತೋಳಲ್ಲಿ ತಬ್ಬಿದಳು. ಹೆದ್ದಾರಿಯಲ್ಲಿ ತಬ್ಬದೆ ಹೋದದ್ದನ್ನೂ ಸೇರಿಸಿ ತಬ್ಬಿದಳು. ಚೀಲ ತಾನು ತೆಗೆದುಕೊಂಡಳು. ಹೆಗಲು ಹಿಡಿದು ಮನೆಯ ಕಡೆ ನಡೆಸಿದಳು.

"ಸತ್ಯಾ! ಏನ್ ಮಾಡ್ಲಿಕತ್ತೀ ನೀ?"

"ಸರೀರಿ ಅತ್ತೀ. ಹುಡುಗಿ ಬಚ್ಚಲಕ್ಕ ಹೋಗಬೇಕು."

ಕಮಲಾಕ್ಷಿಬಾಯಿ ಸರಿಯಲಿಲ್ಲ. ಚೌಕಟ್ಟು ಹಿಡಿದ ಮಣಿಕಟ್ಟಿನ ಮೇಲೆ ಬೆಂದ ಕಲೆ ಇನ್ನೂ ಗುಲಾಬಿಯಾಗಿತ್ತು. "ನಾ ಕೊಟ್ಟಿಗ್ಯಾಗ ಕೂತೀನಿ," ಅಂದರು. ಬೈಗುಳಾಗಿ ಶುರುವಾದ ಮಾತು ಅರ್ಧದಲ್ಲಿ ಬೇರೆಯೇ ಆಯಿತು. "ಎಮ್ಮಿ ಬಾಜೂಕ. ಮಳಿಗಾಲದಾಗ. ನನಗ ಯಾವ ಗಾಡಿ, ಯಾವ ಮಂಚ?"

"ಗೊತ್ತದ ಅತ್ತೀ. ನೀವೂ ಕೂಡಬಾರದಿತ್ತು."

ಅವರಿಗೆ ಯಾರೂ ಹಾಗೆ ಹೇಳಿರಲಿಲ್ಲ, ಇಷ್ಟು ವಯಸ್ಸಿನವರೆಗೆ. ಚೌಕಟ್ಟಿನ ಮೇಲಿನ ಕೈ ಸಡಿಲಾಯಿತು. ಸತ್ಯಭಾಮಾ ಮಗಳನ್ನು ಅವರ ಪಕ್ಕದಿಂದಲೇ, ಸೆರಗಿಗೆ ಸೆರಗು ತಾಗುವಂತೆ, ಒಳಗೆ ನಡೆಸಿಕೊಂಡು ಹೋದಳು. ಬಚ್ಚಲಲ್ಲಿ ಬಿಸಿನೀರು ಬಿಟ್ಟಳು. ಒಣ ಬಟ್ಟೆ ಕೊಟ್ಟಳು. ಸ್ನಾನವಾದ ಮೇಲೆ ಅಡಿಗೆಮನೆಯ ಕಟ್ಟೆಯ ಹತ್ತಿರ ಮಣೆ ಹಾಕಿ ಕೂಡಿಸಿ, ಹಾಲು ಕಾಯಿಸಿ ಕೊಟ್ಟು, "ಇನ್ನ ಯಾರಾದರೂ ಕೂಡು ಅಂದ ಕಡೆ ಕೂಡಬ್ಯಾಡ. ನಿನಗ ಎಲ್ಲಿ ಬೇಕೋ ಅಲ್ಲಿ ಕೂಡು. ಆಟೋದಾಗನೂ ಅಷ್ಟ. ಸೋಮವಾರ ಅದೇ ಸೀಟಿನ್ಯಾಗ ಕೂಡು" ಅಂದಳು. ವಿದ್ಯಾ ಹಾಲಿನ ಲೋಟದ ಮೇಲಿಂದ ಕಣ್ಣೆತ್ತಿ, "ಮತ್ತ ನನ್ನ ರೂಮ್?" ಎಂದಳು.

"ಅದು ನಂದು," ಅಂದಳು ಸತ್ಯಭಾಮಾ.

ಪಡಸಾಲೆಗೆ ಬಂದಾಗ ತಾಯಿ ಮಗ ಇಬ್ಬರೂ ಅವಳನ್ನೇ ಕಾಯುತ್ತಿದ್ದರು. ಜನಾರ್ದನನ ಹೆಗಲ ಮೇಲೆ ಒಂದು ತುಂಡು ಚಿಟ್ಟೆ ಇನ್ನೂ ಇತ್ತು. ಅವಳು ಮೂಲೆಯಲ್ಲಿದ್ದ ತನ್ನ ದಿಂಬು, ಹೊದಿಕೆ ಎತ್ತಿಕೊಂಡಳು.

"ನೀನೂ ಹೊರಗಾದಿ ಏನು?" ಅತ್ತೆ ಗೊಂದಲದಲ್ಲಿ ಕೇಳಿದರು.

"ಇಲ್ಲ. ಹೋದ ದಸರಾದಿಂದ ನನಗ ಆಗೇ ಇಲ್ಲ."

ರೈಲೊಂದು ಸ್ಟೇಷನ್ನಿಗೆ ಬಂದು ನಿಂತಿತು. "ಮತ್ತ ಪ್ರತಿ ತಿಂಗಳು..." ಜನಾರ್ದನ ಶುರುಮಾಡಿದ.

"ಸುಳ್ಳು ಹೇಳಿ ಹೋಗ್ತಿದ್ದೆ. ನನಗ ಬೇಕಾಗಿತ್ತು." ಅವಳು ಅತ್ತೆಯ ಹತ್ತಿರ ಹೋಗಿ, ಆ ಬೆಂದ ಮಣಿಕಟ್ಟನ್ನು ಎಣ್ಣೆಯ ಬೆರಳಿನಿಂದ ಮೆಲ್ಲಗೆ ಹಿಡಿದಳು. ಅವರು ಕೈ ಎಳೆದುಕೊಳ್ಳಲಿಲ್ಲ. "ಇದು ನನ್ನಿಂದ ಆತು ಅತ್ತೀ. ಇದೊಂದಕ್ಕ ನಂಗ ಕೆಟ್ಟ ಅನಸ್ತದ. ಉಳದದ್ದು ಯಾವುದಕ್ಕೂ ಇಲ್ಲ. ಇನ್ನ ಸುಳ್ಳು ಹೇಳಿ ಹೋಗಂಗಿಲ್ಲ, ಹೇಳೇ ಹೋಗ್ತೀನಿ. ಮೂರು ದಿನ."

"ರಾತ್ರಿ ಅಡಿಗಿ?" ಎಂದ ಜನಾರ್ದನ. ಪಾಪ, ಅವನಿಗೆ ಕೇಳಲು ಹೊಳೆದದ್ದು ಅದೊಂದೇ.

"ಯಾರಿಗೆ ಹಸಿವಾಗ್ತದೋ ಅವರು ಮಾಡ್ರಿ. ಅತ್ತಿ ಕೈಲೆ ಮಾಡಸಬ್ಯಾಡ್ರಿ."

ಗಾಡಿಯ ಬಾಗಿಲು ಹಾಕಿಕೊಂಡು ಅವಳು ಅಂಗಾತ ಮಲಗಿದಳು. ಹಂಸಗಳಿಲ್ಲದ ಗೋಡೆ ಎಣ್ಣೆಗೆ ಮಿರಿಮಿರಿ ಹೊಳೆಯುತ್ತಿತ್ತು, ಬಾಗಿಲ ಮೇಲೆಯೂ. ನಾಳೆ ಏನಾಗುತ್ತದೋ, ಅತ್ತೆ ಉಪವಾಸ ಕೂಡುತ್ತಾರೋ, ನಾದಿನಿಯರ ಫೋನುಗಳು ಬರುತ್ತವೋ, ಬರಲಿ. ಹೊರಗೆ ಸಂಜೆಯಾಗುತ್ತಿತ್ತು. ಮನೆಯೊಳಗೆ ಡಬ್ಬಿಗಳು ಒಂದಕ್ಕೊಂದು ಬಡಿದ ಸದ್ದು, ಆಮೇಲೆ ಜನಾರ್ದನನ ದನಿ, ಈ ಮನೆಯಲ್ಲಿ ಹೊಸದಾಗಿ ಇಳಿದವನ ಹಾಗೆ: "ಸಾಸಿವಿ ಎಲ್ಲದ?" ಅದಕ್ಕೆ ಉತ್ತರ ಅಡಿಗೆಮನೆಯ ಒಳಗಿನಿಂದಲೇ ಬಂತು, ಎಳೆಯ ದನಿಯಲ್ಲಿ, ಸ್ವಲ್ಪ ಗದರುವ ಹಾಗೆ: "ಇಲ್ಲೇ ಅದ ಅಲಾ ಅಪ್ಪಾ, ನನ್ನ ಕೈಯಾಗ. ಸರೀರಿ ನೀವು." ಎಣ್ಣೆಯಲ್ಲಿ ಸಾಸಿವೆ ಚಟಪಟಿಸಿತು. ಸ್ವಲ್ಪ ಹೊತ್ತಿಗೆ ಪಡಸಾಲೆಯಿಂದ ಅತ್ತೆ ಕರೆದರು, "ಸತ್ಯಾ." ದನಿಯಲ್ಲಿ ಸಿಟ್ಟಿತ್ತೋ, ಇನ್ನೇನಿತ್ತೋ, ಅಷ್ಟು ದೂರಕ್ಕೆ ತಿಳಿಯಲಿಲ್ಲ. "ಸತ್ಯಾ," ಎಂದು ಇನ್ನೊಮ್ಮೆ ಕರೆದರು.

ಸತ್ಯಭಾಮಾ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡಳು. ಏಳಲಿಲ್ಲ.